ಎರಡು ರಾಶಿ ಮೆಣಸಿನಕಾಯಿ

ನಮ್ಮ ಜೀವಶಾಸ್ತ್ರದ ಸರ್ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣ ಬಳಸುತ್ತಿರಲಿಲ್ಲ. ಹೃದಯದ ಚಿತ್ರ ಬಿಡಿಸುವಾಗ ಬೇರೆ ಶಾಲೆಗಳಲ್ಲಿ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ ಹಚ್ಚುತ್ತಾರೆ. ಇವರು ಬಿಳಿ ಸುಣ್ಣದಲ್ಲೇ ಒಂದು ಬದಿಗೆ ಓರೆ ಗೆರೆ ಎಳೆದು, ಇನ್ನೊಂದು ಬದಿಗೆ ಚುಕ್ಕಿ ಇಡುತ್ತಿದ್ದರು.

"ಗೆರಿ ಇದ್ದಲ್ಲಿ ಆಮ್ಲಜನಕ ಭಾಳ, ಚುಕ್ಕಿ ಇದ್ದಲ್ಲಿ ಕಡಿಮಿ. ರಕ್ತ ಎರಡೂ ಕಡೆ ಕೆಂಪನ ಇರ್ತೈತಿ. ಯಾರರ ನೀಲಿ ರಕ್ತ ಅಂತ ಬರದ್ರ ಅವರ ಕೈ ಚುಚ್ಚಿ ತೋರಸ್ತೀನಿ," ಅನ್ನುತ್ತಿದ್ದರು.

ಸರಕಾರಿ ಸುಣ್ಣ ಉಳಿಸುತ್ತಾರೆ ಎಂದು ನಾವು ಅಂದುಕೊಂಡಿದ್ದೆವು. ಈಗ ಕುಂದಗೋಳದಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುವ ನಾನು ದಿನವೂ ಸಿರಿಂಜಿಗೆ ಏರುವ ಕಡುಗೆಂಪು ರಕ್ತ ನೋಡುವಾಗ, ಆ ಚುಕ್ಕಿಗಳು ಕಣ್ಣ ಮುಂದೆ ಬರುತ್ತವೆ.

ಸರ್ ಮೇ ತಿಂಗಳ ಕೊನೆಯ ದಿನ ನಿವೃತ್ತರಾದರು. ಅವತ್ತಿನಿಂದ ಅವರ ಬಗ್ಗೆ ಬರೆಯಲು ಕೂತಿದ್ದೇನೆ. ದಿನಚರಿ ಇಡುವುದು, ಕಂಡದ್ದನ್ನೆಲ್ಲ ಎಣಿಸಿ ಗೀಟು ಹಾಕುವುದು ನನಗೆ ಏಳನೇ ತರಗತಿಯಿಂದ ಅಂಟಿದ ಚಟ. ಬಸ್ಸು ಎಷ್ಟು ತಡವಾಯಿತು, ಹೊಲಕ್ಕೆ ಎಷ್ಟು ಮಳೆ ಬಂತು, ಎಲ್ಲಕ್ಕೂ ನನ್ನಲ್ಲಿ ಗೀಟುಗಳಿವೆ. ಅದಕ್ಕೇ ಸರ್ ನನ್ನನ್ನು ಹೆಸರು ಹಿಡಿದು ಕರೆಯದೆ "ಲೆಕ್ಕದಕಿ" ಎಂದು ಕರೆಯುತ್ತಿದ್ದರು. ಆದರೆ ಈ ಮನುಷ್ಯ ನನ್ನ ತಾರೀಖುಗಳ ಕ್ರಮಕ್ಕೆ ಬಗ್ಗುತ್ತಿಲ್ಲ. ನೆನಪಾದ ಹಾಗೆ ಬರೆಯುತ್ತೇನೆ.

ಅವರು ಕಲಘಟಗಿ ಕಡೆಯವರು, ದೇವಿಕೊಪ್ಪದ ಬಾಜು ಹಳ್ಳಿ. ಭತ್ತದ ಸೀಮೆಯಿಂದ ನಮ್ಮ ಎರೆಮಣ್ಣಿಗೆ ಬಂದವರು. ಮೊದಲ ಮಳೆಗೆ ಶಾಲೆಯ ದಾರಿಯಲ್ಲಿ ಅವರ ಎರಡೂ ಚಪ್ಪಲಿಗಳನ್ನು ಮಣ್ಣು ಹಿಡಿದುಕೊಂಡಿತಂತೆ. ಬರಿಗಾಲಲ್ಲಿ ತರಗತಿಗೆ ಬಂದು, ಕಾಲಿಗೆ ಮೆತ್ತಿದ ಮಣ್ಣನ್ನೇ ಕೆರೆದು ಮೇಜಿನ ಮೇಲಿಟ್ಟು, "ಇದರಾಗ ಜೀವ ಐತೋ ಇಲ್ಲೋ, ಹೇಳ್ರಿ" ಎಂದು ಪಾಠ ಶುರು ಮಾಡಿದ್ದರು ಎಂದು ನಮಗಿಂತ ದೊಡ್ಡವರು ಹೇಳುತ್ತಿದ್ದರು.

ಅವರ ಪಾಠವೆಂದರೆ ಮೊದಲು ಕಣ್ಣು, ಆಮೇಲೆ ಪುಸ್ತಕ. ಒಂಬತ್ತನೇ ತರಗತಿಯಲ್ಲಿ ಉಳ್ಳಾಗಡ್ಡಿಯ ತೆಳುಪೊರೆ ತೆಗೆದು ಸೂಕ್ಷ್ಮದರ್ಶಕದಲ್ಲಿ ಇಟ್ಟಿದ್ದರು. ಶಾಲೆಗೆ ಇದ್ದದ್ದು ಒಂದೇ ಸೂಕ್ಷ್ಮದರ್ಶಕ, ಅದರ ಕನ್ನಡಿಯ ಮೂಲೆ ಒಡೆದಿತ್ತು. ಸಾಲಾಗಿ ಹೋಗಿ ನೋಡಿ ಬಂದೆವು.

"ಏನ ಕಂಡಿ?"

"ಜೀವಕೋಶ ರೀ ಸರ್."

"ಅದು ಪುಸ್ತಕ ಕಂಡದ್ದು. ನೀ ಏನ ಕಂಡಿ?"

"ಕೋಶಭಿತ್ತಿ ರೀ."

"ಅದೂ ಪುಸ್ತಕದ್ದ. ಮುಂದಿನಾಕಿ ಬಾ."

ಮುಂದಿನವಳು ನನ್ನ ಗೆಳತಿ. ಬಹಳ ಹೊತ್ತು ಒಂದು ಕಣ್ಣು ಮುಚ್ಚಿ ನೋಡಿ, ಅಳುವ ಮುಖ ಮಾಡಿ ಹೇಳಿದಳು. "ನನಗ ಏನೂ ಕಾಣವಲ್ದ್ರಿ. ನನ್ನ ರೆಪ್ಪಿ ಕೂದಲ ಅಷ್ಟ ಕಾಣಾಕತ್ತಾವ."

ಎಲ್ಲರೂ ನಕ್ಕರು. ಸರ್ ನಗಲಿಲ್ಲ. "ಇವತ್ತ ಖರೇ ನೋಡಿದಾಕಿ ಈಕಿ ಒಬ್ಬಾಕಿ," ಎಂದರು. "ಈಗ ಸ್ವಲ್ಪ ಹಿಂದ ಸರದು ನೋಡವಾ." ಆಮೇಲೆ ಅವಳಿಗೆ ಕಂಡಿತು. ಮಾಳಿಗೆ ಹತ್ತಿ ನೋಡಿದಾಗ ಬದುವಿಗೆ ಬದು ಹಚ್ಚಿದ ಹೊಲಗಳು ಕಾಣುವ ಹಾಗೆ ಕಂಡಿತು ಎಂದಳು. "ಬಣ್ಣ ಯಾವುದು?" ಎಂದು ಕೇಳಿದರು. "ನಸುಗೆಂಪು ರೀ." "ಹಂಗ ಬರಕೋರಿ," ಎಂದು ನಮಗೆಲ್ಲ ಹೇಳಿದರು. ಪ್ರತಿ ಪ್ರಯೋಗದಲ್ಲೂ ಅವರು ಬಣ್ಣವನ್ನು ನಮ್ಮ ಬಾಯಿಂದಲೇ ಹೇಳಿಸುತ್ತಿದ್ದರು. ಎಲೆ ಕುದಿಸಿದ ನೀರಿನ ಬಣ್ಣ, ಬಟಾಣಿಯ ಬಣ್ಣ, ಎಲ್ಲವೂ. ಒಬ್ಬರು ಹೇಳಿದರೆ ಸಾಲದು, ಇನ್ನೊಬ್ಬರೂ ಹೇಳಬೇಕು. ನಮ್ಮನ್ನು ಪರೀಕ್ಷೆ ಮಾಡುತ್ತಾರೆ ಎಂದೇ ನಮ್ಮ ಭಾವನೆ.

ಇನ್ನೊಂದು ಪದ್ಧತಿ ಇತ್ತು. ಇದು ಬೇರೆ ಯಾವ ಶಾಲೆಯಲ್ಲೂ ಇರಲಾರದು.

ನಮ್ಮ ಕಡೆ ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಸರ್ ಒಂದು ಬುಟ್ಟಿ ಹಸಿ ಮೆಣಸಿನಕಾಯಿ ತರುತ್ತಿದ್ದರು. ಹಣ್ಣಾದ ಕೆಂಪು, ಇನ್ನೂ ಹಸಿರು, ಎಲ್ಲ ಕೂಡಿಸಿದ್ದು. ಎಂಟನೇ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಪ್ರಯೋಗಾಲಯದ ಒಳಗೆ ಹೋಗಿ, ಒಂದು ಬೊಗಸೆ ಎತ್ತಿಕೊಂಡು, ಕೆಂಪು ಒಂದು ರಾಶಿ, ಹಸಿರು ಒಂದು ರಾಶಿ ಮಾಡಿ ಹೊರಗೆ ಬರಬೇಕು. ಪಾಠವಿಲ್ಲ, ಅಂಕವಿಲ್ಲ, ಪ್ರಶ್ನೆ ಇಲ್ಲ.

"ಸರ್ ಮನೀ ಖಾರಪುಡಿ ನಮ್ಮ ಕೈಯಿಂದ ಆಗ್ತೈತಿ," ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಒಬ್ಬ ಧೈರ್ಯ ಮಾಡಿ, "ಸರ್, ಕೂಲಿ ಎಷ್ಟ್ರಿ?" ಎಂದೂ ಕೇಳಿದ್ದ. "ಕೆಮ್ಮಿದವರಿಗೆ ಒಂದ ಲೋಟ ನೀರು," ಎಂದಿದ್ದರು ಸರ್.

ನಾನು ಹತ್ತನೇ ತರಗತಿಗೆ ಬಂದಾಗ, ಒಳಗೆ ನಿಂತು ರಾಶಿ ನೋಡುವ ಕೆಲಸ ನನಗೆ ಕೊಟ್ಟರು. "ನೀ ಕಂಡದ್ದನ್ನ ಎಣಿಸ್ತಿ, ಹೊರಗ ಹೋಗಿ ಮಾತಾಡಂಗಿಲ್ಲ. ಅದಕ್ಕ ನಿನ್ನ ಕರದೇನಿ," ಎಂದರು. ಅವರು ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಪ್ರತಿ ಮಗು ಹೊರಗೆ ಹೋದ ಮೇಲೆ, "ರಾಶಿ ಹೆಂಗಾಗೇತಿ?" ಎಂದು ಕೇಳುತ್ತಿದ್ದರು. "ಸರಿ ಐತ್ರಿ," ಅನ್ನುತ್ತಿದ್ದೆ. ಒಂದು ಸಲವೂ ತಿರುಗಿ ರಾಶಿ ನೋಡಲಿಲ್ಲ. ಅದನ್ನು ನಾನು ಗಮನಿಸಿದ್ದೆ.

ಆ ವರ್ಷ ಎಂಟನೇ ತರಗತಿಯಲ್ಲಿ ನನ್ನ ತಮ್ಮ ಸಿದ್ಧಾರ್ಥ ಇದ್ದ. ಮನೆಯಲ್ಲಿ ಅವನು ಸಿದ್ದು.

ಸಿದ್ದುವಿಗೆ ರೈಲು ಬಿಟ್ಟರೆ ಬೇರೆ ಏನೂ ಬೇಕಿರಲಿಲ್ಲ. ನಮ್ಮ ಅವ್ವನ ತವರು ಗುಡಗೇರಿ. ರಜೆಗೆ ಅಲ್ಲಿಗೆ ಹೋದರೆ ಅವನು ಊಟಕ್ಕೆ ಮಾತ್ರ ಮನೆಗೆ ಬರುತ್ತಿದ್ದ, ಉಳಿದ ಹೊತ್ತು ಸ್ಟೇಷನ್ನು. ಎಂಜಿನ್ ಚಾಲಕನಾಗುತ್ತೇನೆ ಎಂದು ಹೇಳುವಾಗ ಅವನು ಕನಸು ಹೇಳುವವರ ಹಾಗೆ ಹೇಳುತ್ತಿರಲಿಲ್ಲ, ನಾಳೆ ಸಂತೆಗೆ ಹೋಗುತ್ತೇನೆ ಎಂದಷ್ಟು ಸಲೀಸಾಗಿ ಹೇಳುತ್ತಿದ್ದ. ಅದಕ್ಕೆ ಯಾವ ಕೋರ್ಸು, ಯಾವ ಪರೀಕ್ಷೆ, ಎಲ್ಲ ಅವನಿಗೆ ಬಾಯಿಪಾಠ. ಅಪ್ಪ ಗೋಡೆ ಕಟ್ಟುವ ಕೆಲಸದವನು. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ತೋರಿಸಿ, "ಓದಿದ್ರ ಎಲ್ಲಾ ಆಗ್ತೈತಿ ತಗೋ" ಅನ್ನುತ್ತಿದ್ದ.

ಸುಗ್ಗಿಯಲ್ಲಿ ಅವ್ವನ ಜೊತೆ ನಾವಿಬ್ಬರೂ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದೆವು. ಸಿದ್ದುವಿನ ಚೀಲದಲ್ಲಿ ಯಾವಾಗಲೂ ಹಸಿರು ಕಾಯಿ. ಹಸಿರು ಕಾಯಿ ಒಣಗಿದರೆ ಬೆಳ್ಳಗಾಗಿ ರಾಶಿಯ ಬೆಲೆ ಕೆಡುತ್ತದೆ. ಹೊಲದ ಯಜಮಾನ ಒದರುತ್ತಿದ್ದ. "ಕಣ್ಣ ಎಲ್ಲಿಟ್ಟು ಬಂದಿಲೇ, ರೈಲಿನ್ಯಾಗ?" ಅವ್ವ ನಾಚಿಕೆಯಿಂದ ಅವನ ಬೆನ್ನಿಗೆ ಗುದ್ದುತ್ತಿದ್ದಳು. ಹುಡುಗನಿಗೆ ಕೆಲಸದ ಮೇಲೆ ಲಕ್ಷ್ಯವಿಲ್ಲ ಎಂಬುದು ನಮ್ಮೆಲ್ಲರ ತೀರ್ಮಾನವಾಗಿತ್ತು.

ಅವತ್ತು ಪ್ರಯೋಗಾಲಯಕ್ಕೆ ಬಂದವನು ನನ್ನನ್ನು ನೋಡಿ ನಾಲಿಗೆ ಚಾಚಿದ. ಆಮೇಲೆ ಕಾಯಿಗಳ ಮುಂದೆ ಕೂತ. ಉಳಿದವರು ಬೇಗ ಬೇಗ ಎಸೆದು ಎದ್ದು ಹೋಗುತ್ತಿದ್ದರು. ಇವನು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದ, ಹಿಚುಕಿ ನೋಡಿದ, ಒಂದನ್ನು ಮೂಸಿಯೂ ನೋಡಿದ. ಇಷ್ಟು ಲಕ್ಷ್ಯ ಕೊಟ್ಟು ಅವನು ಏನನ್ನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಎರಡು ರಾಶಿ ಮಾಡಿ, ಹೆಮ್ಮೆಯಿಂದ ಕೈ ಕೊಡವಿ ಹೊರಗೆ ಹೋದ.

"ರಾಶಿ ಹೆಂಗಾಗೇತಿ?"

ನಾನು ಎರಡೂ ರಾಶಿಯನ್ನು ಮತ್ತೊಮ್ಮೆ ಎಣಿಸಿದೆ.

"ಲೆಕ್ಕದಕಿ?"

"ಕೂಡ್ಯಾವ್ರಿ ಸರ್. ಎರಡೂ ರಾಶ್ಯಾಗ ಎರಡೂ ಕೂಡ್ಯಾವ."

ಸರ್ ತಿರುಗಿ ಬಂದು ಸ್ಟೂಲಿನ ಮೇಲೆ ಕೂತರು. ಸಿದ್ದು ಮಾಡಿದ ರಾಶಿಯಿಂದ ಒಂದು ಕಾಯಿ, ಹಿಂದಿನ ಹುಡುಗರು ಮಾಡಿದ್ದ ಸರಿಯಾದ ರಾಶಿಯಿಂದ ಒಂದು ಕಾಯಿ ಎತ್ತಿ ಪಕ್ಕಪಕ್ಕ ಹಿಡಿದು ನೋಡಿದರು. "ನನ್ನ ಕೈಯಾಗೂ ಹಿಂಗ ಕೂಡ್ತಾವ," ಎಂದರು. "ನನಗ ಕೆಂಪು ಹಸರು ತಿಳಿಯಂಗಿಲ್ಲವಾ. ಹುಟ್ಟಿದಾಗಿಂದ."

ಬಿಳಿ ಸುಣ್ಣ, ನಮ್ಮಿಂದ ಹೇಳಿಸುತ್ತಿದ್ದ ಬಣ್ಣಗಳು, ಕಿಟಕಿಯ ಕಡೆಗಿನ ಮುಖ, ಎಲ್ಲವೂ ಆ ಒಂದು ಮಾತಿನಿಂದ ಸರಿಯಾಗಿ ಕೂತವು. ಅವರು ನಮ್ಮನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು.

"ನಿನ್ನ ತಮ್ಮಗ ಮುಂದ ಏನ ಆಗೂದೈತಿ?"

"ರೈಲ್ವೆ ಡ್ರೈವರ್ ರೀ."

"ಬ್ಯಾರೆ ಏನೂ ಇಲ್ಲೇನು?"

"ಇಲ್ರಿ. ಅಗದಿ ಅದ ಒಂದ."

ಅವರು ಕೈಯಲ್ಲಿದ್ದ ಎರಡೂ ಕಾಯಿಗಳನ್ನು ಬುಟ್ಟಿಗೆ ಹಾಕಿದರು. ಹೊರಗೆ ಮುಂದಿನ ಹುಡುಗ ಬಾಗಿಲು ತಟ್ಟುತ್ತಿದ್ದ. "ನನ್ನ ಮೆಣಸಿನಕಾಯಿ ಡಾಕ್ಟರ್ ಅಲ್ಲ," ಎಂದು ಕೊನೆಗೆ ಹೇಳಿದರು. "ಹುಬ್ಬಳ್ಳಿಗೆ ಹೋಗಿ ತೋರಸೂಣು. ಅಲ್ಲೀತನ ಮನ್ಯಾಗ ಬಾಯಿ ಬಿಡಬ್ಯಾಡ."

ಅಪ್ಪನನ್ನು, ಸಿದ್ದುವನ್ನು ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಅವರೇ ಕರೆದುಕೊಂಡು ಹೋದರು. ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಪುಸ್ತಕ ತೋರಿಸಿದರಂತೆ. ಅಪ್ಪ ಅಂಕಿಗಳನ್ನೆಲ್ಲ ಓದಿದ. ಸಿದ್ದು ಮೊದಲನೆಯದನ್ನು ಬಿಟ್ಟು ಬೇರೆ ಯಾವುದನ್ನೂ ಸರಿಯಾಗಿ ಓದಲಿಲ್ಲ.

ಆ ಸಂಜೆ ಸರ್ ನಮ್ಮ ಮನೆಗೆ ಬಂದರು. ಅಪ್ಪನ ತಾಯಿ, ನಮ್ಮ ಆಯಿ, ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಳು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸರ್ ಎಲ್ಲವನ್ನೂ ಬಿಡಿಸಿ ಹೇಳಿದರು. ಇದು ರೋಗವಲ್ಲ, ಹೆಚ್ಚಾಗುವುದಿಲ್ಲ, ಔಷಧವಿಲ್ಲ, ಓದಿಗೆ ಅಡ್ಡಿ ಇಲ್ಲ. ಎಂಜಿನ್ ಓಡಿಸುವ ಕೆಲಸಕ್ಕೆ ಮಾತ್ರ ತಗೊಳ್ಳುವುದಿಲ್ಲ.

ಆಯಿ ಕೇಳಿದಳು. "ಎಲ್ಲಿಂದ ಬಂತ್ರಿ ಇದು? ನಮ್ಮ ಮನಿತನದಾಗ ಯಾರಿಗೂ ಇಲ್ಲ."

ಸರ್ ಬೇರೆ ಮಾತು ತೆಗೆಯಬಹುದಿತ್ತು. ತೆಗೆಯಲಿಲ್ಲ. "ಗಂಡಮಕ್ಕಳಿಗೆ ಇದು ತಾಯಿ ಕಡಿಂದ ಬರ್ತೈತಿ ಯಮ್ಮಾ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಹಂಗಾರ ಇಕಿ ತವರಮನೀದು," ಎಂದಳು ಆಯಿ.

"ಒಂದ ಮಾತ ಕೇಳ್ತೀನಿ, ಹೇಳ್ರಿ. ಹುಡುಗನ ಕಾಲು ಇಷ್ಟ ಉದ್ದ ಅದಾವಲ್ಲ, ಯಾರವು?"

ಆಯಿಯ ಮುಖ ಅರಳಿತು. "ಅವರಜ್ಜನವ್ರಿ. ನಮ್ಮ ಯಜಮಾನ್ರು ಇದ್ರಲ್ಲ, ಬಾಗಲದಾಗ ಬಗ್ಗಿ ಬರ್ತಿದ್ರು."

"ಅವನಿಗೆ ಆ ಕಾಲ ಬರೂ ಹಂಗ ನೀವು ಏನ ಮಾಡಿದ್ರಿ?"

"ನಾ ಏನ ಮಾಡ್ಲ್ರೀ ಯಪ್ಪಾ? ಬಂದಾವು."

"ಇಕಿನೂ ಏನೂ ಮಾಡಿಲ್ರಿ. ಬಂದೈತಿ."

ಆಯಿ ಮೊರದ ಕಡಲೆಯಲ್ಲಿ ಸ್ವಲ್ಪ ಹೊತ್ತು ಬೆರಳಾಡಿಸಿದಳು. ಆಮೇಲೆ ಒಳಗೆ ಕೂಗಿದಳು. "ಸರ್‌ಗೆ ಚಾ ಮಾಡ ಬೇ. ಎಷ್ಟೊತ್ತ ಕುಂದರಸ್ತೀರಿ ಅವರ್ನ." ಆ ದಿನದಿಂದ ಇವತ್ತಿನವರೆಗೆ ಆಯಿ ಈ ಮಾತೆತ್ತಿ ಅವ್ವನನ್ನು ಹಂಗಿಸಿದ್ದಿಲ್ಲ. ಬೇರೆ ವಿಷಯಗಳಿಗೆ ಹಂಗಿಸುವುದನ್ನು ಬಿಟ್ಟಿಲ್ಲ, ಅದು ಬೇರೆ.

ಚಹಾ ತಂದ ಅವ್ವನ ಕಣ್ಣು ಒದ್ದೆಯಾಗಿತ್ತು, ಆದರೆ ನಗುತ್ತಿದ್ದಳು. "ನಮ್ಮಪ್ಪ ಸಂತಿಗೆ ಹೋದ್ರ ಟೊಮ್ಯಾಟೊ ಎಲ್ಲಾ ಕಾಯಿನ ತರ್ತಿದ್ರಿ. ನಮ್ಮವ್ವ ಸಾಯೂತನ ಬೈದಳು, ಜಿಪುಣ ಅಂತ. ಪಾಪ, ಕಾಣ್ತಿದ್ದಿಲ್ಲೋ ಏನೋ."

ಸರ್ ಅವರನ್ನು ಬಸ್ಸಿಗೆ ಬಿಡಲು ನಾನು ಹೋದೆ. ಅನುವಂಶೀಯತೆಯ ಪಾಠ ಅಷ್ಟರಲ್ಲಿ ಆಗಿತ್ತು, ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ತಂದೆತಾಯಿಯ ಗುಣ ಹಂಚುವ ಆ ಪಾಠದ ಚೌಕ ಹಾಕುತ್ತಿದ್ದೆ. "ಸರ್, ಹಂಗಾರ ಅದು ನನ್ನೊಳಗೂ ಇರಬಹುದಲ್ರಿ? ನನ್ನ ಮಕ್ಕಳಿಗೆ ಹೋಗೂ ಹಂಗ?"

"ಇರಬಹುದು. ಇಲ್ಲದೂ ಇರಬಹುದು. ಎರಡಕ್ಕೂ ಸಮ." ಸಮಾಧಾನ ಹೇಳಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ.

ಸಿದ್ದು ಮಾತ್ರ ನಂಬಲಿಲ್ಲ. ಡಾಕ್ಟರು ಸುಳ್ಳು, ಪುಸ್ತಕ ಸುಳ್ಳು, ಸಿಗ್ನಲ್ಲು ತನಗೆ ಚೆನ್ನಾಗಿ ತಿಳಿಯುತ್ತದೆ ಎಂದ. ಈ ಮಾತು ಸರ್ ಕಿವಿಗೆ ಬಿತ್ತು. ಒಂದು ರವಿವಾರ ನಾವು ಗುಡಗೇರಿಗೆ ಹೋದಾಗ ಸರ್ ಅಲ್ಲಿಗೆ ಬಂದರು. ಮೂವರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು. ದೂರದಲ್ಲಿ ಸಿಗ್ನಲ್ ಕಂಬ.

"ಈಗ ಯಾವುದ ಐತಿ?"

"ಹಸರ ರೀ," ಎಂದ ಸಿದ್ದು, ತಟ್ಟನೆ. ಸರ್ ನನ್ನ ಕಡೆ ನೋಡಿದರು. ಹೌದು ಎಂದು ತಲೆಯಾಡಿಸಿದೆ.

"ಹೆಂಗ ಗೊತ್ತಾತು?"

"ಮ್ಯಾಲಿನದ ಹತ್ತೇತಲ್ರಿ. ರೈಲಿನ ಕಂಬದಾಗ ಹಸರ ಮ್ಯಾಲ ಇರ್ತೈತಿ."

"ಅಷ್ಟ ನಾನೂ ಹೇಳ್ತೀನಿ. ಹೊತ್ತ ಮುಳಗಿದ ಮ್ಯಾಲ ಕಂಬ ಕಾಣಂಗಿಲ್ಲ ತಮ್ಮಾ. ದೂರ ಒಂದ ಚುಕ್ಕಿ ಕಾಣ್ತೈತಿ. ಅದು ಮ್ಯಾಲಿಂದೋ ಕೆಳಗಿಂದೋ?"

ಸಿದ್ದು ಕಂಬದಿಂದ ಮುಖ ತಿರುಗಿಸಿದ. ಆಗ ಸರ್ ತಮ್ಮ ಕತೆ ಹೇಳಿದರು. ಅವರೂ ಇದೇ ಕೆಲಸಕ್ಕೆ ಹೋದವರು. ಬರೆಯುವ ಪರೀಕ್ಷೆ ಪಾಸಾದಾಗ ಅವರ ತಾಯಿ ಓಣಿಗೆಲ್ಲ ಸಕ್ಕರೆ ಹಂಚಿದ್ದರಂತೆ. ಕಣ್ಣಿನ ಪರೀಕ್ಷೆಯ ದಿನ ಚುಕ್ಕಿಗಳ ಪುಸ್ತಕ ಮುಂದಿಟ್ಟರು. ಮೊದಲ ಅಂಕಿ ಬಿಟ್ಟು ಮುಂದೆ ಏನೂ ಕಾಣಲಿಲ್ಲ. ಚೇಷ್ಟೆ ಮಾಡುತ್ತಾರೆ ಎಂದುಕೊಂಡು ಇವರು ನಕ್ಕರಂತೆ. ಹಿಂದೆ ಸಾಲು ನಿಂತಿತ್ತು. "ಇಪ್ಪತ್ತೆರಡ ವರ್ಷದಾಂವ ನಾ. ನನ್ನ ಕಣ್ಣಿನ ಸುದ್ದಿ ನನಗ ಅವತ್ತ ಗೊತ್ತಾತು, ಎಲ್ಲಾರ ಮುಂದ. ಮನಿಗೆ ಹೋಗಿ ಕಡೀ ಪರೀಕ್ಷೆದಾಗ ನಪಾಸಾದೆ ಅಂದೆ. ದಡ್ಡ ಅನಿಸಿಕೊಳ್ಳೂದು ಹಗೂರ ಅನಸ್ತು. ನನ್ನ ಕೈಯಾಗ ಕಲಿಯೂ ಹುಡುಗರಿಗೆ ಹಂಗ ಆಗಬಾರದು ಅಂತ..."

ಸಿದ್ದು ಎದ್ದು ನಿಂತ. "ನಿಮಗ ಆಗಲಿಲ್ಲ ಅಂತ ನನಗೂ ಆಗಬಾರದೇನ್ರಿ?"

ನಾನು ಅವನ ಕೈ ಹಿಡಿದು ಎಳೆದೆ. ಸರ್ ನನ್ನನ್ನು ತಡೆದರು. "ಅನ್ಲಿ ಬಿಡು." ಆಮೇಲೆ ಅವನಿಗೆ, "ಹಂಗ ಅನಸಿದ್ರ ಅನಸ್ಲಿ ತಮ್ಮಾ. ಆದ್ರ ಡಬ್ಬ್ಯಾಗ ಮಂದಿ ಕುಂತಿರ್ತಾರ. ಅವರು ಚುಕ್ಕಿ ನೋಡೂದ ನಿನ್ನ ಕಣ್ಣಿಲೆ."

ಸಿದ್ದು ಹಳಿಯ ಗುಂಟ ನಡೆದು ಹೋದ. ಆ ದಿನದಿಂದ ಅವನು ಸರ್ ಜೊತೆ ಮಾತು ಬಿಟ್ಟ. ಪ್ರೌಢಶಾಲೆಯಲ್ಲಿ ಇದ್ದಷ್ಟು ದಿನ ಜೀವಶಾಸ್ತ್ರದ ತರಗತಿಯಲ್ಲಿ ತಪ್ಪದೆ ಕೂತ, ಒಳ್ಳೆಯ ಅಂಕ ತೆಗೆದ, ಕೇಳಿದ ಪ್ರಶ್ನೆಗೆ ಎದ್ದು ನಿಂತು ಸುಮ್ಮನಿದ್ದ. ಸರ್ ಅವನನ್ನು ಬೈಯಲಿಲ್ಲ, ಪ್ರಶ್ನೆ ಕೇಳುವುದನ್ನೂ ಬಿಡಲಿಲ್ಲ. ಅವನು ಎದ್ದು ನಿಂತಾಗ ಸ್ವಲ್ಪ ಹೊತ್ತು ಕಾಯುತ್ತಿದ್ದರಂತೆ, ಆಮೇಲೆ "ಕುಂದರು" ಅನ್ನುತ್ತಿದ್ದರಂತೆ. ನನ್ನನ್ನು ಕಂಡಾಗಲೆಲ್ಲ, ಬಸ್ಸಿನಲ್ಲಿ, ಸಂತೆಯಲ್ಲಿ, ಒಂದೇ ಮಾತು ಕೇಳುತ್ತಿದ್ದರು. "ಮನ್ಯಾಗ ಮಾತಾಡ್ತಾನಿಲ್ಲ?" ಮಾತಾಡುತ್ತಾನೆ ಎಂದರೆ, "ಸಾಕು ಬಿಡು" ಎಂದು ಮುಂದೆ ಹೋಗುತ್ತಿದ್ದರು.

ಮೆಣಸಿನಕಾಯಿ ಬುಟ್ಟಿ ಪ್ರತಿ ವರ್ಷ ಬಂದೇ ಬಂತು. ಅದರಿಂದ ಒಬ್ಬ ಹುಡುಗನನ್ನು ಕಳೆದುಕೊಂಡೆ ಎಂದು ಅವರು ಅದನ್ನು ನಿಲ್ಲಿಸಲಿಲ್ಲ.

ಸಿದ್ದು ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಈಗ ಅಲ್ಲೇ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ನಿಲ್ಲುತ್ತಾನೆ. ಆ ಕೆಲಸ ಅವನಿಗೆ ಎಷ್ಟು ಇಷ್ಟ ಎಂದು ನಾನು ಕೇಳಿಲ್ಲ. ಸರ್ ನಿವೃತ್ತಿಯ ಸುದ್ದಿ ಫೋನಿನಲ್ಲಿ ಹೇಳಿದೆ. "ಹೂಂ," ಎಂದ. ಬರುತ್ತೇನೆ ಎನ್ನಲಿಲ್ಲ.

ಬೀಳ್ಕೊಡುಗೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಒಳಗೆ ಒಂದು ಶಾಲು. ಅವ್ವ ಬಿಚ್ಚಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಗಿಳಿಹಸಿರು ಮೈ, ಅದಕ್ಕೆ ಇಟ್ಟಂಗಿ ಕೆಂಪಿನ ದಪ್ಪ ಅಂಚು.

"ಯಾರರ ಕೂಡ ಹೋಗಿದ್ದೆನಪಾ ತರಾಕ?" ಎಂದು ಕೇಳಿದಳು.

"ಒಬ್ಬನ ಹೋಗಿದ್ದೆ."

"ಅಂಗಡ್ಯಾಂವ ಏನೂ ಅನ್ಲಿಲ್ಲ?"

"ಬ್ಯಾರೆ ತೋರಸಾಕ ಬಂದ. ಬ್ಯಾಡ ಅಂದೆ. ನನಗ ಛಲೋ ಕಂಡದ್ದು ಇದ."

ಆಯಿ ಶಾಲನ್ನು ಮುಟ್ಟಿ ನೋಡಿ, "ಅರಿವಿ ಭೇಷ್ ಐತಿ," ಎಂದಷ್ಟೇ ಹೇಳಿದಳು.

ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಭಾಷಣಗಳಾದವು, ಹಾರಗಳಾದವು. ಸರ್ ತಮಗೆ ಹೊದಿಸಿದ ಶಾಲುಗಳನ್ನೆಲ್ಲ ತೆಗೆದು ಮಡಚಿ ಬಾಜು ಕುರ್ಚಿಯ ಮೇಲೆ ಇಡುತ್ತಿದ್ದರು. ಸೆಕೆ ಅಷ್ಟಿತ್ತು. ಕೊನೆಗೆ ಹಳೆಯ ವಿದ್ಯಾರ್ಥಿಗಳ ಸಾಲಿನಲ್ಲಿ ಸಿದ್ದು ವೇದಿಕೆ ಹತ್ತಿ ಹೋದ. ಶಾಲು ಬಿಚ್ಚಿದಾಗ ಹಿಂದಿನ ಬೆಂಚಿನ ಹುಡುಗಿಯರು ಕಿಸಕ್ಕೆಂದರು. ಯಾರೋ ಒಬ್ಬರು, "ಎಲ್ಲಿ ಹುಡುಕಿದ್ನಪಾ ಈ ಬಣ್ಣ," ಎಂದರು.

ಸರ್ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಸಿದ್ದುವಿನ ಮುಖ ನೋಡಿದರು.

"ನೀನ ಆರಿಸಿದಿ?"

"ಹೌದ್ರಿ ಸರ್," ಎಂದ ಸಿದ್ದು. ಆಮೇಲೆ ಇನ್ನೂ ಒಂದು ಮಾತು ಹೇಳಿದ. "ಅಂಗಡ್ಯಾಗ ಇದ್ದದ್ರಾಗ ಇದ ಅಗದಿ ಶಾಂತ ಬಣ್ಣ ಅನಸ್ತ್ರಿ."

"ಹೌದಲ್ಲ," ಎಂದರು ಸರ್. "ಭಾಳ ಶಾಂತ ಐತಿ."

ಅದನ್ನು ಅವರು ತೆಗೆದು ಮಡಚಲಿಲ್ಲ. ಆ ಸೆಕೆಯಲ್ಲಿ ಮೈತುಂಬ ಹೊದ್ದುಕೊಂಡೇ ಕೂತರು. ಊಟದ ಸಾಲಿಗೂ ಹಾಗೆಯೇ ಬಂದರು, ಸಿದ್ದುವನ್ನು ಬಾಜು ಕೂರಿಸಿಕೊಂಡು ಲೇತ್ ಯಂತ್ರದ ಬಗ್ಗೆ ಕೇಳಿದರು. ಅವನು ಕೈ ಆಡಿಸಿ ಆಡಿಸಿ ಹೇಳುತ್ತಿದ್ದ, ಸಾರು ಆರುತ್ತಿತ್ತು. ಬಡಿಸುತ್ತಿದ್ದ ನಾನು ದೂರದಿಂದ ನೋಡಿದೆ. ಆ ಶಾಲಿನ ದೆಸೆಯಿಂದ ಇಡೀ ಪೆಂಡಾಲಿನಲ್ಲಿ ಎಲ್ಲರಿಗಿಂತ ಕಣ್ಣಿಗೆ ಹೊಡೆಯುವಂತಿದ್ದವರು ಅವರಿಬ್ಬರೇ. ಅದು ಅವರಿಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಕಾಣುತ್ತಿತ್ತು.